ತಾಮ್ರದ ಮೇಲೊಂದು ಹೆಸರು



ಕಾಲಿಗೆ ಮುಳ್ಳು ಚುಚ್ಚಿದ ಮಕ್ಕಳು ಹೇಗೆ ಕೂರುತ್ತಾರೆ ಅಂತ ನಿಮಗೆ ಹೇಳಬೇಕಿಲ್ಲ. ಒಂದು ಕಾಲನ್ನು ಇನ್ನೊಂದರ ಮೇಲಿಟ್ಟುಕೊಂಡು, ತಲೆ ಬಗ್ಗಿಸಿ, ಅಂಗಾಲಿನಲ್ಲೇ ಕಣ್ಣು ನೆಟ್ಟಿರುತ್ತಾರೆ. ಹೀಗೆ ಕೂತ ಹುಡುಗನ ಪುರಾತನ ಕಂಚಿನ ವಿಗ್ರಹವೊಂದು ರೋಮ್ ನಗರದಲ್ಲಿದೆ. 1471ರಲ್ಲಿ ಪೋಪ್ ನಾಲ್ಕನೇ ಸಿಕ್ಸ್ಟಸ್ ಅದನ್ನು ರೋಮಿನ ಜನರಿಗೆ ಕೊಟ್ಟರು. 1581ರಲ್ಲಿ ಆ ಹುಡುಗನನ್ನು ತಾಮ್ರದ ತಗಡಿನಲ್ಲಿ ಕೆತ್ತಿ ಕಾಗದಕ್ಕೆ ಇಳಿಸಿದವಳು ಒಬ್ಬ ಹೆಣ್ಣುಮಗಳು. ಹೆಸರು ಡಯಾನಾ.

ಈಕೆ ಹುಟ್ಟಿದ್ದು ಇಟಲಿಯ ಮಾಂಟುವಾದಲ್ಲಿ, ಸುಮಾರು 1547ರಲ್ಲಿ. ಹೆಣ್ಣುಮಕ್ಕಳು ಹೊರಗೆ ಹೋಗಿ ಇಂಥ ಕಸುಬು ಕಲಿಯುವುದು ಆಗ ಬಲು ಕಷ್ಟ. ಶಿಲ್ಪಿಯೂ ಕೆತ್ತನೆಗಾರನೂ ಆಗಿದ್ದ ತಂದೆಯೇ ಈಕೆಗೆ ಗುರು.

ಕೆಲಸವೇನೂ ಸುಲಭದ್ದಲ್ಲ. ಚೂಪಾದ ಉಳಿಯಿಂದ ತಗಡಿನಲ್ಲಿ ಗೆರೆ ತೋಡಬೇಕು. ಗೆರೆಗಳಿಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಬೇಕು. ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಆದ್ದರಿಂದ ಅಕ್ಷರಗಳನ್ನೂ ತಿರುಗುಮುರುಗಾಗಿ ಕೆತ್ತಬೇಕು. ರಂಗೋಲಿಯ ಗೆರೆ ತಪ್ಪಿದರೆ ಒರೆಸಿಬಿಡುತ್ತೇವೆ. ತಾಮ್ರದ ಗೆರೆ ಅಷ್ಟು ಬೇಗ ಅಳಿಯುತ್ತದೆಯೇ?

ವಿಗ್ರಹ ಬೇರೆಯವರದು, ಇವಳದೇನು ಹೆಚ್ಚುಗಾರಿಕೆ ಅಂತೀರಾ? ದುಂಡನೆಯ ಕಂಚನ್ನು ಬರೀ ಗೆರೆಗಳಲ್ಲಿ ಮೂಡಿಸುವುದು ಬೇರೆಯದೇ ವಿದ್ಯೆ. ರೋಮಿಗೆ ಹೋಗಲಾಗದವರು ಇಂಥ ಅಚ್ಚುಗಳಲ್ಲೇ ಆ ವಿಗ್ರಹಗಳನ್ನು ಕಂಡದ್ದು. ಅಮ್ಮನಿಂದ ಕಲಿತ ಸಾರಿಗೂ ನಿಮ್ಮದೇ ಕೈರುಚಿ ಬರುವುದಿಲ್ಲವೇ?

ಮದುವೆಯಾಗಿ ಗಂಡನೊಡನೆ 1575ರಲ್ಲಿ ರೋಮಿಗೆ ಬಂದ ಡಯಾನಾ ಒಂದು ಜಾಣತನ ಮಾಡಿದಳು. ತನ್ನ ಅಚ್ಚುಗಳನ್ನು ಬೇರೆಯವರು ನಕಲು ಮಾಡಿ ಮಾರದಂತೆ ಅದೇ ವರ್ಷ ಪೋಪ್ ಹದಿಮೂರನೇ ಗ್ರೆಗರಿಯವರಿಂದ ಹಕ್ಕುಪತ್ರ ಪಡೆದಳು. ಗಂಡ ವಾಸ್ತುಶಿಲ್ಪಿ. ಅವನು ಬರೆದ ಕಂಬದ ಬೋದಿಗೆಯ ಚಿತ್ರವನ್ನೂ ಕೆತ್ತಿ, ಅವನ ಹೆಸರೂ ನಾಲ್ಕು ಜನಕ್ಕೆ ತಿಳಿಯುವಂತೆ ಮಾಡಿದಳು. ಆದರೆ ತನ್ನ ಕೆಲಸಕ್ಕೆ ಹಾಕಿದ್ದು ತನ್ನದೇ ಹೆಸರು: ಮಾಂಟುವಾದ ಡಯಾನಾ. ಅಚ್ಚಿನ ಚಿತ್ರಗಳಿಗೆ ಹೀಗೆ ಸ್ವಂತ ಹೆಸರು ಹಾಕಿದ ಮೊದಮೊದಲ ಹೆಂಗಸರಲ್ಲಿ ಈಕೆ ಒಬ್ಬಳು. ಮುಳ್ಳು ತೆಗೆಯುವ ಹುಡುಗನನ್ನು ಕೆತ್ತಿದ ವರ್ಷ ಮನೆಯಲ್ಲಿ ಮೂರು ವರ್ಷದ ಮಗನೂ ಇದ್ದ!

ಆ ಕಂಚಿನ ಹುಡುಗನನ್ನು ಮಾಡಿದ ಶಿಲ್ಪಿ ಯಾರೋ, ಯಾರಿಗೂ ಗೊತ್ತಿಲ್ಲ. ಅವನನ್ನು ಕಾಗದಕ್ಕೆ ಇಳಿಸಿದವಳ ಹೆಸರು ಮಾತ್ರ ನಾನೂರು ವರ್ಷ ದಾಟಿ ಉಳಿದಿದೆ, ಅವಳೇ ಬರೆದಿಟ್ಟದ್ದರಿಂದ.

ನೀವು ಹಾಕಿದ ಕಸೂತಿಯ ಮೂಲೆಯಲ್ಲಿ, ಅಡುಗೆ ಬರೆದಿಟ್ಟ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಹೆಸರಿದೆಯೇ? ಇಲ್ಲವಾದರೆ ಇವತ್ತೇ ಬರೆಯಿರಿ. ಇಸವಿಯನ್ನೂ ಮರೆಯಬೇಡಿ.