ಹಡಗಿನ ಹೊಗೆ ಯಾರ ಲೆಕ್ಕಕ್ಕೆ?

ಆಸ್ಪತ್ರೆಯಲ್ಲಿರುವ ನಂಟರನ್ನು ಕಾಣಲು ಹೊರಟಾಗ ಮಾಟುಂಗದ ಮಾರುಕಟ್ಟೆಯಿಂದ ನಾಲ್ಕು ಸೇಬು ಕೊಂಡೊಯ್ಯುವುದು ಮುಂಬಯಿ ಕನ್ನಡಿಗರಾದ ನಮ್ಮ ವಾಡಿಕೆ. ಆ ಹಣ್ಣಿಗೆ ಅಂಟಿಸಿದ ಚೀಟಿಯಲ್ಲಿ ಈಗ ಎಷ್ಟೋ ಸಲ ನ್ಯೂಜಿಲೆಂಡಿನ ಹೆಸರಿರುತ್ತದೆ. 2001ರಲ್ಲಿ ಆಮದಿನ ಪರಿಮಾಣದ ಮಿತಿಗಳು ರದ್ದಾದ ಮೇಲೆ ಮುಕ್ತ ವ್ಯಾಪಾರ ನಮ್ಮ ಬೀದಿಯ ತಳ್ಳುಗಾಡಿಗೂ ಬಂದಿದೆ.

ಹನ್ನೆರಡು ಸಾವಿರ ಕಿಲೋಮೀಟರಿಗೂ ದೀರ್ಘವಾದ ಆ ಪಯಣದುದ್ದಕ್ಕೂ ಹಣ್ಣನ್ನು ತಣ್ಣಗಿಡಲು ಕಂಟೇನರಿಗೆ ಹಗಲಿರುಳು ವಿದ್ಯುತ್ ಬೇಕು. ನ್ಹಾವಾ ಶೇವಾ ಬಂದರಿನಲ್ಲಿ ಇಳಿದ ಬಳಿಕ ಲಾರಿ, ಶೀತಲಗೃಹ, ವಾಶಿಯ ಸಗಟು ಮಾರುಕಟ್ಟೆ. ಹಡಗು ಒಮ್ಮೆಗೇ ಸಾವಿರಾರು ಟನ್ನು ಹೊರುವುದರಿಂದ, ಅಷ್ಟೇ ದೂರಕ್ಕೆ ಕಿಲೋ ಒಂದಕ್ಕೆ ತಗಲುವ ಇಂಧನ ಲಾರಿಗಿಂತ ಬಹಳ ಕಡಮೆಯೆಂಬುದು ನಿಜ. ನನ್ನ ತಕರಾರು ಬೇರೆ. ಉರಿದ ಎಣ್ಣೆಯ ಹಣವನ್ನು ಹಡಗಿನವರು ತೆರುತ್ತಾರೆ. ಅದರ ಹೊಗೆಯ ಹೊಣೆ ಯಾರದು? ದೇಶದಿಂದ ದೇಶಕ್ಕೆ ಸಾಗುವ ಹಡಗುಗಳ ಹೊಗೆಯನ್ನು 1997ರ ಕ್ಯೋಟೋ ಒಪ್ಪಂದ ಯಾವ ರಾಷ್ಟ್ರದ ಗುರಿಗೂ ಸೇರಿಸಲಿಲ್ಲ. ಇಂದಿಗೂ ಅದನ್ನು ಒಟ್ಟು ಮೊತ್ತದ ಹೊರಗೆ, ಪ್ರತ್ಯೇಕವಾಗಿ ಬರೆದಿಡಲಾಗುತ್ತದೆ. ಮಾರಿದವರದೂ ಅಲ್ಲ, ಕೊಂಡವರದೂ ಅಲ್ಲ! ಇಂಥ ಜಮಾಖರ್ಚನ್ನು ನಮ್ಮ ಹೋಟೆಲಿನ ಗಲ್ಲೆಯಲ್ಲಿ ಕುಳಿತವರು ಒಂದು ದಿನವಾದರೂ ಒಪ್ಪುವರೇ?

ಯುರೋಪಿನ ಒಕ್ಕೂಟವು 2024ರಿಂದ ತನ್ನ ಬಂದರುಗಳಿಗೆ ಬರುವ ದೊಡ್ಡ ಹಡಗುಗಳ ಹೊಗೆಗೆ ಬೆಲೆ ಕಟ್ಟತೊಡಗಿದೆ. ನ್ಹಾವಾ ಶೇವಾಕ್ಕೆ ಬರುವ ಹಡಗಿಗೂ ಅಂಥ ಲೆಕ್ಕ ಬರಬೇಕೆಂದೇ ನನ್ನ ಮತ. ಸೇಬು ತುಸು ತುಟ್ಟಿಯಾದೀತು, ಆಗಲಿ. ರೋಗಿಯ ತಲೆದೆಸೆಯಲ್ಲಿಡಲು ಡಹಾಣೂವಿನ ಚಿಕ್ಕು, ವಸಾಯಿಯ ಬಾಳೆಹಣ್ಣು ಇವೆಯಲ್ಲ. ಮಧುಮೇಹವಿದ್ದವರಿಗೆ ಮಾತ್ರ ವೈದ್ಯರನ್ನು ಕೇಳಿ ಕೊಡಿ.