ಇಲ್ಲದವರಿಗೊಂದು ನುಡಿ, ಇರುವ ಕನ್ನಡಿಗನಿಗೆ ಬರೀ ಮೌನ!

ಕನ್ನಡದ ತರುಣರೇ, 2009ರ ‘ಅವತಾರ್’ ಚಿತ್ರದ ನೀಲಿ ಮೈಯ ‘ನಾವಿ’ ಜನ ಯಾವ ಲೋಕದಲ್ಲೂ ಇಲ್ಲ. ಆದರೂ ಅವರ ಬಾಯಿಗೊಂದು ಭಾಷೆ ಬೇಕೆಂದು ನಿರ್ದೇಶಕ ಜೇಮ್ಸ್ ಕ್ಯಾಮರಾನ್, ಭಾಷಾವಿಜ್ಞಾನಿ ಪಾಲ್ ಫ್ರಾಮರ್ ಅವರಿಂದ ವ್ಯಾಕರಣ ಸಮೇತ ಹೊಸ ನುಡಿಯನ್ನೇ ಕಟ್ಟಿಸಿದರು. ಅದೇ ಚಿತ್ರ ಹಿಂದಿ, ತಮಿಳು, ತೆಲುಗಿಗೂ ಬಂತು. 4.37 ಕೋಟಿ ಜನರ (2011ರ ಜನಗಣತಿ) ತಾಯ್ನುಡಿ ಕನ್ನಡಕ್ಕೆ? ಬರಲಿಲ್ಲ!

ತಡೆದವರು ಹಾಲಿವುಡ್ಡಿನವರಲ್ಲ, ನಮ್ಮದೇ ಚಿತ್ರೋದ್ಯಮ. ಡಬ್ಬಿಂಗ್ ಬಂದರೆ ಕಲಾವಿದರ ಅನ್ನಕ್ಕೆ ಕುತ್ತು ಎಂದರು. ಆ ಆತಂಕ ಸುಳ್ಳಲ್ಲ. ಆದರೆ ನಮ್ಮ ಹುಡುಗರು ಚಿತ್ರ ನೋಡುವುದನ್ನು ಬಿಟ್ಟರೇ? ಪರಭಾಷೆಯಲ್ಲಿ ನೋಡಿದರು. ಸೋತದ್ದು ಕನ್ನಡ!

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪೆಂದಿತು. 2022ರಲ್ಲಿ ‘ಅವತಾರ್’ ಎರಡನೇ ಭಾಗ ಕನ್ನಡದಲ್ಲೂ ಬಂತು. ಗೋಡೆ ಬಿದ್ದಿದೆ, ಇನ್ನು ನೆಪ ಬೇಡ.

‘ವಿಜ್ಞಾನದ ಮಾತು ಕನ್ನಡದಲ್ಲಿ ನಗೆಪಾಟಲು’ ಎಂದು ಮೂಗು ಮುರಿಯುವ ನಿರಭಿಮಾನಿಗಳೇ, ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದದ್ದು ಯಾವ ಭಾಷೆಯಲ್ಲಿ?

ಗೆಳೆಯರೇ, ಟಿಕೆಟ್ ಕೊಳ್ಳುವಾಗ, ರಿಮೋಟ್ ಹಿಡಿದಾಗ ಮೊದಲು ಕೇಳಿ: ಕನ್ನಡದಲ್ಲಿ ಇದೆಯೇ? ಇಲ್ಲವಾದರೆ ಏಕಿಲ್ಲ? ಅಳದ ಮಗುವಿಗೆ ಹಾಲಿಲ್ಲ. ಕೇಳದ ಕನ್ನಡಿಗನಿಗೆ ಕನ್ನಡವೂ ಇಲ್ಲ!