ತುರಿಕೆ ನಿಂತರೆ ಸಾಕೆ?

ಕ್ಷಯ, ಮಲೇರಿಯಾ ಮುಂತಾದ ರೋಗಗಳ ಕುರಿತು ಭಾಷಣಗಳಾಗುತ್ತವೆ. ಗೋಡೆಗಳ ಮೇಲೆ ಬರೆಹಗಳೂ ಕಾಣುತ್ತವೆ. ತುರಿಕೆಯ ಮಾತೆತ್ತಲು ಮಾತ್ರ ಎಲ್ಲರಿಗೂ ಸಂಕೋಚ. ಅದೂ ಒಂದು ರೋಗವೇ ಎಂದು ನಗುವವರೂ ಉಂಟು. ಈ ಸಂಕೋಚದಿಂದಲೂ ಈ ನಗೆಯಿಂದಲೂ ನಮ್ಮ ಹಳ್ಳಿಗಳಿಗೆ ಆಗುತ್ತಿರುವ ಹಾನಿ ಸಣ್ಣದಲ್ಲವೆಂಬುದು ನನ್ನ ಅಭಿಪ್ರಾಯ. ಸಾಹಿತ್ಯ, ಇತಿಹಾಸಗಳ ಲೇಖನಗಳ ನಡುವೆ ಇಂಥ ವಿಷಯವನ್ನು ಕಂಡು ವಾಚಕರು ಬೇಸರಿಸಬಾರದೆಂದು ಕೇಳಿಕೊಳ್ಳುತ್ತೇನೆ.

ನನ್ನ ಊರು ಕಡ್ಡಿರಾಂಪುರ. ಹೊಸಪೇಟೆಯಿಂದ ಹಂಪಿಗೆ ಹೋಗುವವರು ಅದನ್ನು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಕಾಲುವೆಯ ನೀರು, ಬಾಳೆ, ಕಬ್ಬು, ಭತ್ತ, ಇವೇ ನಮ್ಮ ಸುತ್ತಿನ ಬದುಕು. ನಾಟಿಯ ದಿನಗಳಲ್ಲಿ ಹೆಂಗಸರು ಹೊತ್ತು ಇಳಿಯುವವರೆಗೂ ಕೆಸರಿನಲ್ಲಿ ನಿಲ್ಲುತ್ತಾರೆ. ಬೇಸಗೆಯಲ್ಲಿ ಬೆವರು ಆರದ ಬಟ್ಟೆಯಲ್ಲೇ ದಿನ ಕಳೆಯುತ್ತದೆ. ಸೊಂಟ, ತೊಡೆಸಂದು, ಬೆರಳ ಸಂದುಗಳಲ್ಲಿ ತುರಿಕೆ ಏಳುವುದು ಸಹಜ. ಕೆಲವರಿಗೆ ಬದುವಿನ ಮೇಲಿನ ಪಾರ್ಥೇನಿಯಂ ಗಿಡ ಸೋಕಿ ಮೈ ಉರಿಯುತ್ತದೆ. ಅನೇಕರಿಗೆ ಬರುವುದು ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣ ಹುಳುವಲ್ಲ. ಹಳಸಿದ ರೊಟ್ಟಿಯ ಮೇಲೆ ಕಾಣುವ ಬೂಷ್ಟಿನಂಥ ಒಂದು ಶಿಲೀಂಧ್ರ.

ತುರಿಕೆ ಎದ್ದವರು ಮಾಡುವುದೇನು? ಔಷಧಿ ಅಂಗಡಿಗೆ ಹೋಗಿ, "ಅಣ್ಣಾ, ತುರಿಕೆಗೆ ಒಂದು ಟ್ಯೂಬು ಕೊಡ್ರಿ" ಎನ್ನುತ್ತಾರೆ. ಚೀಟಿ ಎಲ್ಲಿ ಎಂದು ಕೇಳುವವರು ವಿರಳ. ಹೀಗೆ ಸಿಗುವ ಅನೇಕ ಮುಲಾಮುಗಳಲ್ಲಿ ಪ್ರಬಲವಾದ ಸ್ಟಿರಾಯ್ಡು ಇರುತ್ತದೆ. ಎರಡು ಮೂರು ದಿನಗಳಲ್ಲಿ ಕೆಂಪು ಇಳಿದು ತುರಿಕೆ ನಿಲ್ಲುತ್ತದೆ. "ಒಳ್ಳೇ ಔಷಧಿ" ಎಂಬ ಕೀರ್ತಿ ಓಣಿಯೆಲ್ಲ ಹಬ್ಬುತ್ತದೆ.

ಸ್ಟಿರಾಯ್ಡು ಕೆಟ್ಟ ವಸ್ತುವೆಂದು ನಾನು ಹೇಳುವುದಿಲ್ಲ. ಕಾರ್ಟಿಸೋನಿನ ಸಂಶೋಧನೆಗೆ 1950ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೋಕಾರ್ಟಿಸೋನನ್ನು ಚರ್ಮಕ್ಕೆ ಲೇಪಿಸಿ ಗುಣ ಕಂಡರು. ಇಸಬಿನಂಥ ಬೇನೆಗಳಿಗೆ ಅದು ವರವೇ ಸರಿ. ಆದರೆ ಚರ್ಮದ ಕೆಂಪು, ಊತಗಳು ದೇಹವು ಹೊರಗಿನ ಶತ್ರುವಿನೊಡನೆ ಹೋರಾಡುತ್ತಿರುವ ಗುರುತೂ ಆಗಿರಬಹುದು. ಸ್ಟಿರಾಯ್ಡು ಆ ಹೋರಾಟವನ್ನೇ ತಗ್ಗಿಸುತ್ತದೆ. ಸೊಳ್ಳೆ ಕಚ್ಚಿದ ಗಾಯಕ್ಕೆ ಇದರಿಂದ ಶಮನವಾದೀತು. ಹುಳುಕಡ್ಡಿಯಾದರೋ ಬೂದಿ ಮುಚ್ಚಿದ ಕೆಂಡವಾಗಿ ಒಳಗೇ ಹರಡುತ್ತದೆ. ಲೇಪಿಸುವುದನ್ನು ಬಿಟ್ಟೊಡನೆ ಇಮ್ಮಡಿಯಾಗಿ ಮರಳುತ್ತದೆ. ಮತ್ತೆ ಅದೇ ಟ್ಯೂಬು. ಉಂಗುರದಂಥ ಅದರ ಅಂಚು ಅಳಿಸಿಹೋಗಿ ವೈದ್ಯರಿಗೂ ಗುರುತು ಹತ್ತದಂತಾಗುತ್ತದೆ. ಬಹುಕಾಲ ಹಚ್ಚಿದ ಕಡೆ ಚರ್ಮ ತೆಳುವಾಗಿ ಬರೆಗಳೇಳುತ್ತವೆ. ಮೈಬಣ್ಣ ತಿಳಿಯಾದೀತೆಂಬ ಆಸೆಯಿಂದ ಇದನ್ನು ಮುಖಕ್ಕೆ ಬಳಿಯುವ ವಿದ್ಯಾರ್ಥಿ ಮಿತ್ರರು ಗಮನಿಸಬೇಕು: ಮೊಡವೆ, ಉರಿ, ಬೇಡದ ಕೂದಲು ಇವೇ ಅದರ ಫಲ.

ಅಮೆರಿಕದಲ್ಲಿ ಚೀಟಿಯಿಲ್ಲದೆ ದೊರೆಯುವುದು ಶೇಕಡಾ 1ರಷ್ಟು ಹೈಡ್ರೋಕಾರ್ಟಿಸೋನು. ಅದೂ 7 ದಿನಗಳಲ್ಲಿ ಗುಣವಾಗದಿದ್ದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕೆಂಬ ಸೂಚನೆಯೊಡನೆ. ನಮ್ಮಲ್ಲಿ ಕೈಗೆ ಸಿಗುವ ಕ್ಲೋಬೆಟಾಸಾಲು ಅದಕ್ಕಿಂತ ಸುಮಾರು 600 ಪಟ್ಟು ಪ್ರಬಲವೆಂದು ಲೆಕ್ಕ. ನಮ್ಮ ಕಾನೂನೂ ಸುಮ್ಮನಿಲ್ಲ. 2018ರಲ್ಲಿ ಕೇಂದ್ರ ಸರಕಾರವು 14 ಬಗೆಯ ಸ್ಟಿರಾಯ್ಡು ಮುಲಾಮುಗಳನ್ನು 'ಎಚ್' ಅನುಸೂಚಿಗೆ ಸೇರಿಸಿ, ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. 2020ರಲ್ಲಿ ಹುಳುಕಡ್ಡಿಯ ಹೊಸ ಶಿಲೀಂಧ್ರವೊಂದಕ್ಕೆ 'ಟ್ರೈಕೊಫೈಟಾನ್ ಇಂಡೋಟಿನಿಯೆ' ಎಂದು ನಮ್ಮ ದೇಶದ ಹೆಸರು ಸೇರಿದಂತೆ ನಾಮಕರಣವಾಯಿತು. ಅದರ ಅನೇಕ ತಳಿಗಳು ರೂಢಿಯ ಔಷಧಿಗೆ ಬಗ್ಗುವುದಿಲ್ಲ. ಇದು ಹೆಮ್ಮೆಯ ನಾಮಕರಣವಲ್ಲ.

"ಕೂಲಿಯವನು ಹೊಸಪೇಟೆಯ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಟ್ಯೂಬು ಅಗ್ಗವಲ್ಲವೆ?" ಎಂದು ಕೆಲವರು ಕೇಳಿಯಾರು. ಮಾತು ನಿಜವೇ, ಬಡವನನ್ನು ನಾನು ದೂರುವುದಿಲ್ಲ. ಆದರೆ ತಿಂಗಳುಗಟ್ಟಲೆ ಟ್ಯೂಬು ಕೊಂಡು, ಒಂದೇ ಟವೆಲು, ಒಂದೇ ಹಾಸಿಗೆಯಿಂದ ಮನೆಮಂದಿಗೆಲ್ಲ ರೋಗ ಹಬ್ಬಿದ ಮೇಲೆ ಲೆಕ್ಕ ಹಾಕಿದರೆ ಅಗ್ಗವಾದದ್ದು ಯಾವುದು?

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ನಮ್ಮ ದೊಡ್ಡಮ್ಮ ಒಮ್ಮೆ ಟ್ಯೂಬೊಂದನ್ನು ನನ್ನ ಕೈಗಿತ್ತು, "ಇದರಾಗೆ ಏನು ಬರೆದೈತಿ ನೋಡಪ್ಪಾ" ಎಂದಳು. ವೈದ್ಯರ ಚೀಟಿಯ ಮೇಲೆ ಮಾತ್ರ ಮಾರತಕ್ಕದ್ದೆಂಬ ಎಚ್ಚರಿಕೆ ಅದರಲ್ಲಿತ್ತು. ಇದ್ದುದು ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ. ಹಚ್ಚಿಕೊಳ್ಳುವವಳಿಗೆ ತಿಳಿಯದ ಎಚ್ಚರಿಕೆ ಯಾರಿಗಾಗಿ?

ಆದುದರಿಂದ ಆ ಎಚ್ಚರಿಕೆ ಕನ್ನಡದಲ್ಲಿಯೂ, ಕಾಣುವಷ್ಟು ದೊಡ್ಡದಾಗಿಯೂ ಇರಬೇಕು. ಚರ್ಮವೈದ್ಯರು ವಾರಕ್ಕೊಂದು ದಿನವಾದರೂ, ಕೂಲಿಯವರು ಮನೆಗೆ ಮರಳುವ ಸಂಜೆಯ ಹೊತ್ತಿಗೆ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬರುವಂತಾಗಬೇಕು. ಇವು ಸರಕಾರದ ಕೆಲಸಗಳು. ಆಗುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಈ ರಜೆಯಲ್ಲಿ ಊರಿಗೆ ಹೋದಾಗ ಪ್ರತಿಯೊಬ್ಬರೂ ತಮ್ಮ ಮನೆಯ ಗೂಡಿನಲ್ಲಿರುವ ಟ್ಯೂಬನ್ನು ತೆಗೆದು ಓದಿರಿ. 'ಆರ್‌ಎಕ್ಸ್' ಎಂಬ ಗುರುತಿದ್ದರೆ ಅದರ ಅರ್ಥವನ್ನು ಮನೆಯವರಿಗೆ ತಿಳಿಸಿ, ವೈದ್ಯರ ಬಳಿಗೆ ನೀವೇ ಕರೆದೊಯ್ಯಿರಿ. ನಮ್ಮನ್ನು ಓದಿಸಲು ಕೆಸರಿನಲ್ಲಿ ನಿಂತವರಿಗೆ ಇಷ್ಟನ್ನಾದರೂ ನಾವು ಓದಿ ಹೇಳಬೇಡವೆ?